ಹಲ್ಲಿನ ವಿಮೆಯ ಕಾಯುವ ಅವಧಿ: ಕೋಡಿಗೊಂದು ತಾರೀಖು ಹಾಕಿದ ಮೇಲೆ

ಅಮೆರಿಕದ ದಂತ ಚಿಕಿತ್ಸಾಲಯಗಳ ಪರವಾಗಿ ರೋಗಿಗಳ ವಿಮೆಯನ್ನು ಪರಿಶೀಲಿಸುವ ಕೆಲಸದಲ್ಲಿ, ಮುಂಬೈ ಕಡೆಯ ಮಾಲಾಡ್, ಐರೋಳಿಗಳ ರಾತ್ರಿ ಪಾಳಿಗಳಲ್ಲಿ ಕನ್ನಡದವರು ಸಾಕಷ್ಟು ಮಂದಿ ಇದ್ದೇವೆ. ಕಾಯುವ ಅವಧಿಯೆಂದರೆ ವಿಮೆ ಆರಂಭವಾದ ಮೇಲೆ ಒಂದು ಚಿಕಿತ್ಸೆಗೆ ಹಣ ಸಿಗಲು ಕಳೆಯಬೇಕಾದ ತಿಂಗಳುಗಳು. ಹಲ್ಲು ಸ್ವಚ್ಛಗೊಳಿಸುವುದಕ್ಕೆ ಸಾಮಾನ್ಯವಾಗಿ ಕಾಯಬೇಕಿಲ್ಲ, ಫಿಲ್ಲಿಂಗ್‌ಗೆ ಕೆಲವೆಡೆ ಆರು ತಿಂಗಳು, ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಕವಚ) ಮತ್ತು ಹೋದ ಹಲ್ಲಿನ ಜಾಗ ತುಂಬುವ ಬ್ರಿಡ್ಜ್‌ಗೆ ಹನ್ನೆರಡು ತಿಂಗಳು ಎಂಬುದು ಎಲ್ಲರಿಗೂ ಬಾಯಿಪಾಠ. ಇಷ್ಟು ಗೊತ್ತಿದ್ದೂ ಕ್ಲೈಮ್‌ಗಳು ಏಕೆ ತಿರಸ್ಕೃತವಾಗುತ್ತಿದ್ದವು ಎಂಬುದೇ ನನಗೆ ಬಹುಕಾಲ ಕಾಡಿದ ಪ್ರಶ್ನೆ.

ಮೊದಲು ಎಲ್ಲರಂತೆ ವಿಮಾ ಕಂಪನಿಗೆ ಕರೆ ಮಾಡಿ "ಕಾಯುವ ಅವಧಿ ಇದೆಯೇ?" ಎಂದು ಕೇಳಿ, "ದೊಡ್ಡ ಚಿಕಿತ್ಸೆಗಳಿಗೆ ಹನ್ನೆರಡು ತಿಂಗಳು" ಎಂಬ ಉತ್ತರವನ್ನು ಬರೆದಿಟ್ಟುಕೊಳ್ಳುತ್ತಿದ್ದೆವು. ಆದರೆ ರೂಟ್ ಕೆನಾಲ್ ಒಂದು ಪಾಲಿಸಿಯಲ್ಲಿ ಸಾಧಾರಣ ಚಿಕಿತ್ಸೆಯ ವರ್ಗದಲ್ಲಿದ್ದರೆ ಇನ್ನೊಂದರಲ್ಲಿ ದೊಡ್ಡ ಚಿಕಿತ್ಸೆಯ ವರ್ಗದಲ್ಲಿರುತ್ತದೆ. ಒಂದೇ ಕಂಪನಿಯ ಎರಡು ಪಾಲಿಸಿಗಳಲ್ಲಿಯೂ ಇದು ಬೇರೆಯಾಗಬಹುದು. ಹೀಗೆ ಒಂದು ದವಡೆ ಹಲ್ಲಿನ ರೂಟ್ ಕೆನಾಲ್‌ನಲ್ಲಿ ಸುಮಾರು ಸಾವಿರದ ಇನ್ನೂರು ಡಾಲರ್ ರೋಗಿಯ ತಲೆಗೆ ಬಂದು, ಅವರು ಚಿಕಿತ್ಸಾಲಯವನ್ನೇ ಬಿಟ್ಟುಹೋದರು. ಬಳಿಕ ವಿಮಾ ಕಂಪನಿಗಳ ಆನ್‌ಲೈನ್ ಪೋರ್ಟಲ್‌ಗಳನ್ನು ನಂಬಿದೆವು. ಅವುಗಳಲ್ಲಿ ವಾರ್ಷಿಕ ಮಿತಿ ಮತ್ತು ಡಿಡಕ್ಟಿಬಲ್ (ರೋಗಿ ಮೊದಲು ತಾನೇ ಕೊಡಬೇಕಾದ ಮೊತ್ತ) ಸೊಗಸಾಗಿ ಕಾಣಿಸುತ್ತವೆ, ಆದರೆ ಕಾಯುವ ಅವಧಿಯ ಜಾಗ ಅನೇಕ ಸಲ ಖಾಲಿ ಇರುತ್ತದೆ, ಮತ್ತು ಖಾಲಿ ಇದೆಯೆಂದರೆ ಅವಧಿಯೇ ಇಲ್ಲವೆಂದು ಅರ್ಥವಲ್ಲ. ಮುಂಗಡ ಅಂದಾಜಿನ ಪತ್ರ ತರಿಸುವ ಪ್ರಯೋಗವನ್ನೂ ಮಾಡಿದೆವು. ವಾರಗಟ್ಟಲೆ ಕಾದ ಮೇಲೆ ಬಂದ ಪತ್ರದ ಅಡಿಯಲ್ಲಿ "ಇದು ಪಾವತಿಯ ಭರವಸೆಯಲ್ಲ" ಎಂದು ಬರೆದಿರುತ್ತಿತ್ತು.

ಕೊನೆಗೆ ನಾನು ಹಿಡಿದ ದಾರಿ ಇಷ್ಟೆ: ವೈದ್ಯರ ಚಿಕಿತ್ಸಾ ಯೋಜನೆಯನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಪ್ರತಿಯೊಂದು ಕೋಡನ್ನೂ (ಒಂದೊಂದು ಚಿಕಿತ್ಸೆಗೂ ಇರುವ ಗುರುತಿನ ಸಂಖ್ಯೆ) ಹೆಸರಿಸಿ, ಅದು ಈ ಪಾಲಿಸಿಯಲ್ಲಿ ಯಾವ ವರ್ಗಕ್ಕೆ ಸೇರಿದೆ, ಎಷ್ಟು ತಿಂಗಳು ಕಾಯಬೇಕು, ಆ ತಿಂಗಳುಗಳನ್ನು ಯಾರ ಯಾವ ದಿನದಿಂದ ಎಣಿಸುತ್ತಾರೆ ಎಂದು ಕೇಳಿ, ತಿಂಗಳುಗಳ ಬದಲು ಒಂದು ತಾರೀಖನ್ನೇ ಹಾಳೆಯಲ್ಲಿ ಬರೆಯುವುದು. ನಮ್ಮ ತಂಡದ ಮುಖ್ಯಸ್ಥರು ಉಡುಪಿ ಕಡೆಯವರು; "ಮಾರಾಯಾ, ಒಂದೊಂದು ಕರೆಗೆ ಅರ್ಧ ಗಂಟೆ ಹಿಡಿದರೆ ನಮಗೆ ಉಳಿಯುವುದೇನು?" ಎಂದು ನೇರವಾಗಿಯೇ ಕೇಳಿದರು. ಕಾಲು ಗಂಟೆಯ ಕರೆ ಆರಂಭದಲ್ಲಿ ಅರ್ಧ ಗಂಟೆಯಾದದ್ದು ನಿಜ.

ಅವರ ಬಾಯಿ ಮುಚ್ಚಿಸಿದ್ದು ಟೆಕ್ಸಾಸ್‌ನ ಒಂದು ಪ್ರಕರಣ. ಗಂಡನ ಪಾಲಿಸಿ 2021ರ ಜನವರಿಯದು, ಹೆಂಡತಿ ಅದಕ್ಕೆ ಸೇರಿದ್ದು 2023ರ ಜೂನ್ 1ಕ್ಕೆ, ಆಕೆಗೆ ಬೇಕಾಗಿದ್ದದ್ದು ಡಿ 2740, ಅಂದರೆ ಸೆರಾಮಿಕ್ ಕ್ರೌನ್. ಕಂಪನಿಯ ಪ್ರತಿನಿಧಿ ಗಂಡನ ತಾರೀಖನ್ನು ನೋಡಿ ಅವಧಿ ಮುಗಿದಿದೆ ಎಂದುಬಿಟ್ಟರು. ಆಕೆಯದೇ ತಾರೀಖನ್ನು ಓದಿ ಹೇಳಿ ಎಂದು ಪಟ್ಟು ಹಿಡಿದಾಗ ಲೆಕ್ಕ 2024ರ ಜೂನ್ 1ಕ್ಕೆ ಬಂದು ನಿಂತಿತು. ಇನ್ನೂ ಒಂದು ತೊಡಕಿತ್ತು. ಹಲ್ಲನ್ನು ಅರೆದು ಅಚ್ಚು ತೆಗೆದುಕೊಳ್ಳುವ ದಿನವನ್ನು ಕೆಲವು ಕಂಪನಿಗಳು ಲೆಕ್ಕಕ್ಕೆ ಹಿಡಿದರೆ, ಬೇರೆ ಕೆಲವು ಕ್ರೌನನ್ನು ಅಂಟಿಸಿ ಕೂರಿಸುವ ದಿನವನ್ನು ಹಿಡಿಯುತ್ತವೆ. ಈ ಕಂಪನಿ ಅರೆಯುವ ದಿನವನ್ನೇ ಹಿಡಿಯುತ್ತಿತ್ತು, ಚಿಕಿತ್ಸಾಲಯವೋ ಮೇ 20ಕ್ಕೆ ಸಮಯ ಕೊಟ್ಟಿತ್ತು. ಅವಸರವಿಲ್ಲ ಎಂದು ವೈದ್ಯರು ಒಪ್ಪಿದ ಮೇಲೆ ಎರಡು ವಾರ ಮುಂದೂಡಿದೆವು, ಹಣ ಬಂತು. ಚಿಕಿತ್ಸೆ ಮೊದಲೇ ಮಾಡಿ, ಕ್ಲೈಮ್‌ನಲ್ಲಿ ಅದರ ತಾರೀಖನ್ನಷ್ಟೇ ಬದಲಿಸಿ ಕಳುಹಿಸಿ ಎನ್ನುವ ಚಿಕಿತ್ಸಾಲಯಗಳೂ ಇವೆ. ಅದು ವಂಚನೆ, ನಾನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಹಿಂದಿನ ವಿಮೆಯ ಪ್ರಮಾಣಪತ್ರ ತರಿಸಿದರೆ ಅನೇಕ ಪಾಲಿಸಿಗಳಲ್ಲಿ ಕಾಯುವ ಅವಧಿಯನ್ನು ಕಡಿಮೆ ಮಾಡುತ್ತಾರೆ ಅಥವಾ ಬಿಟ್ಟೇಬಿಡುತ್ತಾರೆ. ಎರಡು ವಿಮೆಗಳ ನಡುವೆ ಎಷ್ಟು ಬಿಡುವು ನಡೆಯುತ್ತದೆ, ಹಳೆಯದರಲ್ಲಿ ದೊಡ್ಡ ಚಿಕಿತ್ಸೆಗಳೂ ಸೇರಿದ್ದವೇ ಎಂಬುದನ್ನು ಅದೇ ಕರೆಯಲ್ಲಿ ಕೇಳಿಕೊಳ್ಳಬೇಕು. ಈ ಎಲ್ಲ ಪ್ರಶ್ನೆಗಳನ್ನು ಪ್ರತಿನಿಧಿ ಬೇಸರಗೊಳ್ಳದಂತೆ ಯಾವ ಕ್ರಮದಲ್ಲಿ ಕೇಳಬೇಕೆಂಬುದನ್ನು ಮಾತ್ರ ನಾನು ನಮ್ಮ ತಂಡದಿಂದ ಹೊರಗೆ ಬಿಟ್ಟಿಲ್ಲ. ಅದರಿಂದಲೇ ಕರೆ ಈಗ ಹದಿನೆಂಟು ನಿಮಿಷದ ಆಸುಪಾಸಿಗೆ ಇಳಿದಿದೆ.

ಬ್ರಿಡ್ಜ್‌ಗಳಿಗೆಂದು ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿದ್ದೇನೆ: ಹಲ್ಲು ಕಿತ್ತ ದಿನ. ವಿಮೆ ಆರಂಭವಾಗುವ ಮೊದಲೇ ಹೋದ ಹಲ್ಲಿಗೆ ಕಾಯುವ ಅವಧಿ ಮುಗಿದರೂ ಹಣ ಕೊಡದ ಷರತ್ತು ಹಲವು ಪಾಲಿಸಿಗಳಲ್ಲಿದೆ. ಇದೇ ಹಾಳೆಯನ್ನು ಡೊಂಬಿವಲಿಯ ಸಹೋದ್ಯೋಗಿಯೊಬ್ಬರ ಇಲ್ಲಿನ ಆರೋಗ್ಯ ಪಾಲಿಸಿಯ ಮೇಲೂ ಪ್ರಯೋಗಿಸಿ ನೋಡಿದೆ. ಭಾರತದಲ್ಲಿ ಮೊದಲಿನಿಂದ ಇರುವ ಕಾಯಿಲೆಗಳಿಗೆ ಕಾಯುವ ಅವಧಿಯ ಗರಿಷ್ಠ ಮಿತಿಯನ್ನು 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದ್ದಾರೆ. ಆದರೆ ಅಪಘಾತದಿಂದ ಆಸ್ಪತ್ರೆಗೆ ಸೇರುವ ಸಂದರ್ಭವನ್ನು ಬಿಟ್ಟರೆ ಹಲ್ಲಿನ ಚಿಕಿತ್ಸೆ ಆ ಪಾಲಿಸಿಯಲ್ಲಿ ಇರಲೇ ಇಲ್ಲ, ಹೊರರೋಗಿ ಸೌಲಭ್ಯವನ್ನೂ ಅವರು ಕೊಂಡಿರಲಿಲ್ಲ; ಹೀಗಾಗಿ ಎಷ್ಟು ವರ್ಷ ಕಾದರೂ ಅವರ ರೂಟ್ ಕೆನಾಲ್‌ಗೆ ಕಾಸೂ ಹುಟ್ಟುವಂತಿರಲಿಲ್ಲ. ಅಂದಿನಿಂದ "ಚಿಕಿತ್ಸೆ ಪಾಲಿಸಿಯಲ್ಲಿದೆಯೇ" ಎಂಬುದು ಹಾಳೆಯ ಮೊದಲ ಸಾಲಾಯಿತು.

ಆ ಟೆಕ್ಸಾಸ್ ಚಿಕಿತ್ಸಾಲಯದಲ್ಲಿ ಕಾಯುವ ಅವಧಿಯ ಕಾರಣಕ್ಕೆ ತಿಂಗಳಿಗೆ ಎಂಟೊಂಬತ್ತು ಕ್ಲೈಮ್‌ಗಳು ತಿರಸ್ಕೃತವಾಗುತ್ತಿದ್ದವು, ಈಗ ಒಂದೋ ಎರಡೋ. ನಾಲ್ಕು ಸಾವಿರ ಡಾಲರಿಗೆ ಕಡಿಮೆಯಿಲ್ಲದ ವ್ಯತ್ಯಾಸ. ಜನವರಿ 1ಕ್ಕೆ ಅಲ್ಲಿ ಬಹಳ ಉದ್ಯೋಗದಾತರು ಪಾಲಿಸಿ ಬದಲಿಸುವುದರಿಂದ ಆ ವಾರ ಎಲ್ಲ ತಾರೀಖುಗಳನ್ನೂ ಹೊಸದಾಗಿ ಕೇಳಬೇಕಾಗುತ್ತದೆ. ಅದಕ್ಕಾಗಿ ಚಿಕಿತ್ಸಾಲಯ ಈಗ ಪ್ರತಿ ರೋಗಿಗೆ ಒಂದೂವರೆ ಡಾಲರ್ ಹೆಚ್ಚಿಗೆ ಕೊಡುತ್ತಿದೆ, ಮುಖ್ಯಸ್ಥರು ಕೇಳದೆಯೇ ಇಬ್ಬರನ್ನು ನನ್ನ ಕೈಕೆಳಗೆ ಹಾಕಿದ್ದಾರೆ.