ದುಗ್ಧನಾಳ ನಿಜಕ್ಕೂ ಚಿಗುರಿದೆಯೇ ಎಂದು ನೋಡುವ ಬಗೆ

ಇಲಿಯ ಅಂಗಾಂಶದಲ್ಲಿ ದುಗ್ಧನಾಳ (ಅಂಗಾಂಶದ ಹೆಚ್ಚುವರಿ ದ್ರವವನ್ನು ಹೀರಿ ಸಾಗಿಸುವ ನಾಳ) ಹುಡುಕಲು ಕಲಿಯುವವರ ಕೈಗೆ ನಾನು ಮೊದಲು ಕೊಡುವುದು ಕಿವಿಯ ಚರ್ಮ. ತೆಳ್ಳಗಿರುತ್ತದೆ, ಎರಡು ಪದರವಾಗಿ ಬಿಡಿಸಿಕೊಳ್ಳಬಹುದು. ಮೃದ್ವಸ್ಥಿಯನ್ನು ಕೆರೆದು ತೆಗೆದು, ಪದರವನ್ನು ಇಡಿಯಾಗಿಯೇ ಸ್ಟೇನ್ ಮಾಡಿ, ಅಂದರೆ ಬೇಕಾದ ಪ್ರೋಟೀನಿಗೆ ಬಣ್ಣ ಹತ್ತಿಸಿ. ತೆಳು ಸೀಳುಗಳಾಗಿ (ಸೆಕ್ಷನ್) ಕತ್ತರಿಸಿದರೆ ನಾಳದ ಅಡ್ಡ ಸೀಳುಗಳಷ್ಟೇ ಕಾಣುತ್ತವೆ. ಕವಲು ಎಲ್ಲಿ ಹೊರಟಿತು, ಕುರುಡು ತುದಿ ಎಲ್ಲಿದೆ ಎಂಬುದು ಗೊತ್ತಾಗುವುದೇ ಇಲ್ಲ.

ದುಗ್ಧನಾಳದ ಗುರುತಾಗಿ ಬಳಸುವ ಪ್ರೋಟೀನಾದ ಲೈವ್-1 ಒಂದನ್ನೇ ನಂಬಿ ಎಣಿಸಲು ಕೂರಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೆಲವು ಮ್ಯಾಕ್ರೋಫೇಜ್‌ಗಳಲ್ಲೂ (ಕಸ, ಸೂಕ್ಷ್ಮಾಣುಗಳನ್ನು ನುಂಗುವ ರಕ್ಷಣಾ ಕೋಶಗಳು) ಅದು ಹೊಳೆಯುತ್ತದೆ. ಕವಾಟವಿರುವ ದೊಡ್ಡ ಸಂಗ್ರಾಹಕ ನಾಳಗಳಲ್ಲೋ, ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಇನ್ನೊಂದು ಗುರುತು ಪ್ರೋಟೀನಾದ ಪ್ರಾಕ್ಸ್-1 ಹಾಕಿ. ಯಕೃತ್ತಿನಲ್ಲಿ ಸೈನುಸಾಯ್ಡ್‌ಗಳು (ಅಲ್ಲಿನ ಸಣ್ಣ ರಕ್ತನಾಳಗಳು) ಲೈವ್-1 ತೋರಿಸುತ್ತವೆ, ಯಕೃತ್ತಿನ ಕೋಶಗಳು ಪ್ರಾಕ್ಸ್-1 ತೋರಿಸುತ್ತವೆ, ಎರಡೂ ದುಗ್ಧನಾಳವಲ್ಲ. ಇಂಥ ಕಡೆ ಒಂದೇ ಕೋಶದಲ್ಲಿ ಎರಡೂ ಕಂಡರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೃದಯದ ಸ್ನಾಯುಕೋಶಗಳಲ್ಲೂ ಪ್ರಾಕ್ಸ್-1 ಇದೆ, ಅಲ್ಲಿಯೂ ಇದೇ ಎಚ್ಚರ.

ಎಲ್ಲ ಅಂಗಕ್ಕೂ ಒಂದೇ ವೇಳಾಪಟ್ಟಿ ಹಾಕಬೇಡಿ. ಬೆಳೆದ ಇಲಿಯ ಚರ್ಮದಲ್ಲಿ ಗಾಯವಿಲ್ಲದಿದ್ದರೆ ನಾಳಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಸಣ್ಣ ಕರುಳಿನ ವಿಲ್ಲೈ (ಒಳಗೋಡೆಯ ಬೆರಳಿನಂಥ ಚಾಚುಗಳು) ಒಳಗಿನ ದುಗ್ಧನಾಳಗಳಾದ ಲ್ಯಾಕ್ಟಿಯಲ್‌ಗಳು ಹಾಗಲ್ಲ, ವಯಸ್ಕದಲ್ಲೂ ನಿಧಾನವಾಗಿ ನವೀಕರಣಗೊಳ್ಳುತ್ತಲೇ ಇರುತ್ತವೆ. ದುಗ್ಧನಾಳ ಬೆಳೆಯಲು ಬೇಕಾದ ಪ್ರೋಟೀನಾದ ವಿಇಜಿಎಫ್-ಸಿ ಸಿಗದಂತೆ ಮಾಡಿದರೆ ಕುಗ್ಗುತ್ತವೆ. ಮೆದುಳಿನ ಹೊದಿಕೆಯ ನಾಳಗಳು ಬೆಳೆಯುವುದೇ ಹೆಚ್ಚಾಗಿ ಹುಟ್ಟಿದ ಮೇಲೆ. ಹಾಗಾಗಿ ಮರಿಯ ವಯಸ್ಸನ್ನು ಬರೆದಿಡದ ಸ್ಲೈಡನ್ನು ನಾನು ನೋಡಲು ಒಪ್ಪುವುದಿಲ್ಲ.

ನಾಳ ಕಂಡಿತು ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಪ್ರೋಟೀನಾದ ವಿಇ-ಕ್ಯಾಡ್ಹೆರಿನ್ ಸ್ಟೇನ್ ಮಾಡಿ ಕೋಶಗಳ ಅಂಚು ನೋಡಿ. ದ್ರವ ಹೀರುವ ಪಕ್ವ ತುದಿಗಳಲ್ಲಿ ಬೆಸುಗೆಗಳು ಅಂಗಿಯ ಗುಂಡಿಗಳಂತೆ ಬಿಡಿಬಿಡಿಯಾಗಿರುತ್ತವೆ, ನಡುವೆ ದ್ರವ ನುಸುಳಲು ಸಂದು ಇರುತ್ತದೆ. ಹೊಸದಾಗಿ ಚಿಗುರುತ್ತಿರುವ ನಾಳದಲ್ಲಿ ಅದೇ ಅಂಚು ಜಿಪ್‌ನಂತೆ ಉದ್ದಕ್ಕೂ ಮುಚ್ಚಿರುತ್ತದೆ. ಕಿವಿಯ ಅಂಚಿಗೆ ಫ್ಲೋರೊಸೆಂಟ್ ಡೆಕ್ಸ್‌ಟ್ರಾನ್ (ಹೊಳೆಯುವ ಬಣ್ಣ ಕಟ್ಟಿದ ಸಕ್ಕರೆ ಸರಪಳಿ) ಚುಚ್ಚಿ, ಬುಡದ ಕಡೆಗೆ ಸಾಗುತ್ತದೋ ಎಂದೂ ನೋಡಿ.

ಇನ್ನು ಶ್ವಾಸನಾಳ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಅಲ್ಲಿ ದುಗ್ಧನಾಳಗಳು ಹೇರಳವಾಗಿ ಬೆಳೆಯುತ್ತವೆ. ಸೋಂಕು ವಾಸಿಯಾದಾಗ ರಕ್ತನಾಳಗಳ ಬದಲಾವಣೆ ಹಿಂದೆ ಸರಿದರೂ ಇವು ಉಳಿದುಬಿಡುತ್ತವೆ. ಸಂಖ್ಯೆ ಹೆಚ್ಚಿದೆ ಎಂದು ಈಗಲೂ ಬೆಳೆಯುತ್ತಿವೆ ಎಂದುಕೊಳ್ಳದೆ, ಕೋಶ ವಿಭಜನೆ ಗುರುತಿಸುವ ಕೆಐ-67 ಅನ್ನು ಪ್ರಾಕ್ಸ್-1 ಜೊತೆ ಹಾಕಿ ನೋಡಿ.