‘ಯಾವ ಹಾಲು?’ ಅಂತ ಕೇಳೋದನ್ನ ಬಿಟ್ಟ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹಾಲು-ಮೊಸರನ್ನೂ ಮುಟ್ಟದ ವೀಗನ್ ಅಲ್ಲ. ಮೊಸರನ್ನ ಬಿಟ್ಟು ಬದುಕುವ ಶಕ್ತಿ ನನಗಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಹನ್ನೆರಡು ಸೀಟಿನ ಕಾಫಿ ಅಂಗಡಿ ಇಟ್ಟು ಇದು ಏಳನೇ ವರ್ಷ. ದಿನಾ ಆರೇಳು ಲ್ಯಾಟೆ, ಅಂದರೆ ಹಾಲೇ ಹೆಚ್ಚಿರುವ ಕಾಫಿ, ರುಚಿ ನೋಡಿ ನೋಡಿ ಸಂಜೆ ಹೊತ್ತಿಗೆ ನನ್ನ ಹೊಟ್ಟೆ ತಮಟೆ ಆಗುತ್ತಿತ್ತು. ಎಲ್ಲ ಶುರುವಾದದ್ದು ಅಲ್ಲಿಂದ. ಈಗ ನಮ್ಮಲ್ಲಿ ಲ್ಯಾಟೆ, ಕ್ಯಾಪುಚಿನೊ, ಕೋಲ್ಡ್ ಕಾಫಿ ಕೇಳಿದರೆ ಬರುವುದು ಓಟ್ಸ್ ಅರೆದು ಸೋಸಿದ ಹಾಲಿನದು. ಹಸುವಿನ ಹಾಲು ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು. ದುಡ್ಡು ಎರಡಕ್ಕೂ ಒಂದೇ.

ಹೀಗೆ ಮಾಡುತ್ತೇನೆ ಅಂದಾಗ ಊರಿನ ಕಾಫಿ ಅಂಗಡಿ ಗೆಳೆಯರೆಲ್ಲ ಒಂದೇ ರಾಗ ಹಾಡಿದರು. “ಗೋಕುಲಂನಲ್ಲಾದ್ರೆ ಸರಿ ಸ್ವಾಮಿ, ಯೋಗ ಕಲಿಯೋಕೆ ಬಂದ ಫಾರಿನ್‌ನವರು ಇದಾರೆ. ಕುವೆಂಪುನಗರದಲ್ಲಿ ಯಾರು ಕುಡೀತಾರೆ?” ಅಮೆರಿಕದ ಬ್ಲೂ ಬಾಟಲ್ ಕಾಫಿ ಅಂಗಡಿಗಳವರು 2022ರಲ್ಲೇ ಓಟ್ಸನ್ನು ಮಾಮೂಲಿ ಮಾಡಿದ್ದಾರೆ ಅಂದೆ. “ಅದು ಅಮೆರಿಕ” ಅಂದರು. ಅಲ್ಲಿಗೆ ಮುಗೀತು.

ಮೊದಲು ಕೈ ಹಾಕಿದ್ದು ಸೋಯಾ ಹಾಲಿಗೆ, ಅಗ್ಗ ಅಂತ. ಆಗ ನನ್ನದು ಚಿಕ್ಕಮಗಳೂರಿನ ಅರೇಬಿಕಾ, ಲೈಟ್ ರೋಸ್ಟ್, ಅಂದರೆ ಕಡಿಮೆ ಹುರಿದ, ಹುಳಿ ಹೆಚ್ಚಿರುವ ಕಾಫಿ. ಕಪ್‌ಗೆ ಸುರಿದ ತಕ್ಷಣ ಒಡೆಯುತ್ತಿತ್ತು. ನಮ್ಮೂರಲ್ಲಿ ಒಡೆದ ಹಾಲು ಅಂದರೆ ಕೆಟ್ಟ ಹಾಲು, ಅಷ್ಟೇ. ಕಾಫಿಯ ಹುಳಿ, ಸೋಯಾದ ಪ್ರೋಟೀನು ಅಂತ ಕೌಂಟರ್‌ನಲ್ಲಿ ನಿಂತು ಪಾಠ ಮಾಡೋಕಾಗುತ್ತಾ? ಮೂರು ವಾರಕ್ಕೆ ನಲವತ್ತು ಕಪ್ ವಾಪಸ್ ಬಂದಿರಬೇಕು. ಆರು ಸಾವಿರ ರೂಪಾಯಿ ಸಿಂಕಿಗೆ ಹೋಯಿತು. ಹಟ ಬಿಡದೆ ರೋಸ್ಟ್ ಸ್ವಲ್ಪ ಕಪ್ಪಗೆ ಮಾಡಿಸಿ, ಕೊಡಗಿನ ರೊಬಸ್ಟಾ ಬೆರೆಸಿ, ಸ್ಟೀಮ್ ಕೊಡುವಾಗ ಹಾಲು 60 ಡಿಗ್ರಿ ದಾಟದಂತೆ ನೋಡಿಕೊಂಡೆ. ಒಡೆಯುವುದು ನಿಂತಿತು. ಹಸಿಕಾಳಿನ ವಾಸನೆ ಹೋಗಲಿಲ್ಲ. ಆ ಬ್ಲೆಂಡ್ ಮಾತ್ರ ಇವತ್ತಿಗೂ ನಡೆಯುತ್ತಿದೆ.

ತೆಂಗಿನ ಹಾಲಿನ ಕಥೆ ಬೇಡ. ಕಾಫಿ ಮೇಲೆ ಎಣ್ಣೆ ತೇಲಿ ಸಾರು ನೆನಪಾಗುತ್ತಿತ್ತು. ಕಡಲೆಕಾಯಿ ಹಾಲೂ ತೆಗೆದು ನೋಡಿದೆ. ಅದನ್ನು ನೋಡಿ ನಮ್ಮ ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ನಕ್ಕರು. “ನಿನಗಿಂತ ಮುಂಚೆ ನಮ್ಮ ಸಿಎಫ್‌ಟಿಆರ್‌ಐನವರು ಮಾಡಿದ್ರು ಕಣಪ್ಪ, ಮಿಲ್ಟೋನ್ ಅಂತ.” ನಿಜ. ಕಡಲೆಕಾಯಿ ಪ್ರೋಟೀನು ಸೇರಿಸಿ, ಇದ್ದ ಹಾಲನ್ನೇ ಹೆಚ್ಚು ಜನಕ್ಕೆ ಸಾಲುವಂತೆ ಮಾಡುವ ಉಪಾಯ ಅದು. ಸಿಎಫ್‌ಟಿಆರ್‌ಐ ಅಂದರೆ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ, ಇದೇ ಮೈಸೂರಿನಲ್ಲಿ ಆದದ್ದು. ನನ್ನ ಕಡಲೆಕಾಯಿ ಲ್ಯಾಟೆ ಮಾತ್ರ ಚಿಕ್ಕಿ ನೆನೆಸಿಟ್ಟ ನೀರಿನ ಹಾಗಿತ್ತು.

ಕೊನೆಗೆ ಓಟ್ಸು. ಡಬ್ಬಿಯಲ್ಲಿ ಬರುವ, ಕಾಫಿಗೆಂದೇ ಮಾಡಿದ ಬರಿಸ್ಟಾ ಓಟ್ಸ್ ಹಾಲಿನ ರುಚಿಗೆ, ನೊರೆಗೆ ಎರಡು ಮಾತಿಲ್ಲ. ತೊಂದರೆ ದುಡ್ಡಿನದು. ಲೀಟರಿನ ಡಬ್ಬಿಗೆ ಆಗ 260ರ ಆಸುಪಾಸು. ಒಂದು ಲ್ಯಾಟೆಗೆ 180 ಎಂ.ಎಲ್. ಅಂದುಕೊಳ್ಳಿ, ಅಂದರೆ 47 ರೂಪಾಯಿ. ಹಸುವಿನ ಹಾಲಾದರೆ 9. ಡಬ್ಬಿಯ ಆ ಬೆಲೆಯಲ್ಲೇ ಶೇ 18 ಜಿಎಸ್‌ಟಿ ಸೇರಿತ್ತು. ನಾವು ಗಿರಾಕಿಗೆ ಶೇ 5 ಜಿಎಸ್‌ಟಿ ಹಾಕುವ ಹೋಟೆಲಿನವರು, ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಇಲ್ಲ, ಕಟ್ಟಿದ್ದು ಕಟ್ಟಿದ ಹಾಗೇ. 2025ರ ಸೆಪ್ಟೆಂಬರ್ 22ಕ್ಕೆ, ದಸರಾ ಶುರುವಾದ ದಿನವೇ, ಅದು ಶೇ 5ಕ್ಕೆ ಇಳಿಯಿತು. ಡಬ್ಬಿಗೆ 28-29 ರೂಪಾಯಿ ಉಳಿಯಿತು. ತಾಯಿ ಚಾಮುಂಡಿ ಕಣ್ಣು ಬಿಟ್ಟಳು ಅಂದುಕೊಂಡೆ.

ಅಷ್ಟಕ್ಕೇ ಲೆಕ್ಕ ಕೂಡುವುದಿಲ್ಲ. ಅದಕ್ಕೇ ಅಂಗಡಿಯಲ್ಲೇ ಮಾಡೋಕೆ ಕೂತೆ. ಮೊದಲ ಹತ್ತು ಸಲವೂ ಗಂಜಿ. ತಣ್ಣಗಿದ್ದಾಗ ಚೆನ್ನಾಗಿರುತ್ತದೆ, ಸ್ಟೀಮ್ ಕೊಟ್ಟ ಕೂಡಲೇ ಲೋಳೆ. ಪಿಷ್ಟ ಒಡೆದು ತೆಳ್ಳಗೆ ಮಾಡುವ ಎನ್‌ಜೈಮ್ ತರಿಸೋಣ ಅಂದರೆ ಕನಿಷ್ಠ ಆರ್ಡರೇ ನನ್ನ ವರ್ಷದ ಖರ್ಚಿಗಿಂತ ಜಾಸ್ತಿ. ಆಗ ನೆನಪಾದದ್ದು ಅಮ್ಮ ಮಕ್ಕಳಿಗೆ ಮಾಡುತ್ತಿದ್ದ ರಾಗಿ ಮಾಲ್ಟ್. ಮೊಳಕೆ ಬರಿಸಿದ ಕಾಳಿನ ಹಿಟ್ಟು ಹಾಕಿದರೆ ಗಂಜಿ ತೆಳ್ಳಗಾಗುತ್ತದೆ, ಸಿಹಿಯೂ ಬರುತ್ತದೆ. ಅದನ್ನೇ ಓಟ್ಸಿಗೆ ಮಾಡಿದೆ. ರಾಗಿ ಹಾಕಿದರೆ ಬಣ್ಣ ಕೆಡುತ್ತದೆ. ಈಗ ಯಾವ ಕಾಳು, ಎಷ್ಟು ಹೊತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಲೀಟರಿಗೆ ಕೂಲಿ ಸೇರಿ 45 ಬೀಳುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಸೋಸಿದ ಹಿಪ್ಪೆಯನ್ನು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದೆ. ಒಂದು ದಿನ ತಿನ್ನಬಹುದು, ದಿನಾ ಆಗಲ್ಲ.

ಕೋಲ್ಡ್ ಕಾಫಿಗೆ ಪೂರ್ತಿ ನಾವೇ ಮಾಡಿದ್ದು. ಬಿಸಿಯದಕ್ಕೆ ಅರ್ಧ ಡಬ್ಬಿಯದು, ಅರ್ಧ ನಾವೇ ಮಾಡಿದ್ದು, ಹಾಲಿನ ಖರ್ಚು ಕಪ್‌ಗೆ 25 ರೂಪಾಯಿ. ಲ್ಯಾಟೆ ಬೆಲೆ 140 ಇದ್ದದ್ದು ಎಲ್ಲರಿಗೂ 150 ಮಾಡಿದೆ. ಮಿಕ್ಕಿದ್ದು ಕೋಲ್ಡ್ ಕಾಫಿಯಲ್ಲಿ ಸರಿಹೋಗುತ್ತದೆ. ಮೊದಲು ಓಟ್ಸಿಗೆ ಮಾತ್ರ 40 ಜಾಸ್ತಿ ಇಟ್ಟಿದ್ದಾಗ ಇಪ್ಪತ್ತರಲ್ಲಿ ಒಬ್ಬರು ತಗೊಂಡರೆ ಹೆಚ್ಚು.

ಇಷ್ಟೆಲ್ಲ ಆದಮೇಲೂ ಓಡಲಿಲ್ಲ. ಅಸಲಿ ಗಂಟು ಇದ್ದದ್ದು ಕೌಂಟರ್‌ನಲ್ಲಿ. “ಯಾವ ಹಾಲು ಹಾಕಲಿ?” ಅಂತ ನಮ್ಮ ಹುಡುಗ ಕೇಳುತ್ತಿದ್ದ. “ಮಾಮೂಲಿ” ಅನ್ನುತ್ತಿದ್ದರು, ಮತ್ತೇನಂತಾರೆ? ಆಮೇಲೆ “ನಮ್ಮಲ್ಲಿ ಓಟ್ಸು, ಪರವಾಗಿಲ್ವಾ?” ಅಂತ ಬದಲಾಯಿಸಿದೆವು. ಪರವಾಗಿಲ್ವಾ ಅಂದ ಕೂಡಲೇ ಏನೋ ಐಬಿದೆ ಅನ್ನಿಸುತ್ತದೆ. ಈಗ ಹೇಳುವುದು ಇಷ್ಟೇ: “ನಮ್ಮ ಲ್ಯಾಟೆ ಓಟ್ಸಿಂದು. ಸಕ್ಕರೆ ಬೇಕಾ?” ಜನ ಸಕ್ಕರೆಗೆ ಉತ್ತರ ಕೊಡುತ್ತಾರೆ. ಬೇಡದವರು ಬೇಡ ಅಂತಾರೆ, ಖುಷಿಯಿಂದ ಹಾಲು ಹಾಕುತ್ತೇವೆ. ದಿನಕ್ಕೆ ಅರವತ್ತು ಕಪ್ ಹೋದರೆ ನಲವತ್ತೈದು ಓಟ್ಸಿನಲ್ಲೇ ಹೋಗುತ್ತವೆ. ಬೋರ್ಡಿನಲ್ಲಿ ವೀಗನ್ ಅನ್ನುವ ಪದ ಎಲ್ಲೂ ಇಲ್ಲ. ಇದ್ದಾಗ ವ್ಯಾಪಾರ ಬಿದ್ದಿತ್ತು.

ಆದರೆ ಹೇಳದೆ ಕೊಡಬೇಡಿ. ಒಂದು ದಿನ ಗಡಿಬಿಡಿಯಲ್ಲಿ ಹುಡುಗ ಹೇಳಲಿಲ್ಲ. ವಯಸ್ಸಾದ ಅಮ್ಮನವರೊಬ್ಬರು ಅರ್ಧ ಕುಡಿದು ಬೋರ್ಡ್ ಓದಿದರು. “ಏನಪ್ಪಾ, ಓಟ್ಸು ಧಾನ್ಯ ಅಲ್ವಾ? ಇವತ್ತು ಏಕಾದಶಿ!” ಹಾಲು-ಹಣ್ಣಿನ ಉಪವಾಸ ಅವರದು. ನನಗೆ ಭೂಮಿ ಬಾಯ್ಬಿಟ್ಟ ಹಾಗಾಯಿತು. ಸೋಯಾ, ಬಾದಾಮಿ ಅಲರ್ಜಿ ಬಗ್ಗೆ ಎಲ್ಲ ಯೋಚಿಸಿದ್ದೆ, ಏಕಾದಶಿ ತಲೆಗೇ ಬಂದಿರಲಿಲ್ಲ. ಈಗ ಕ್ಯಾಲೆಂಡರ್ ಕೌಂಟರ್ ಹಿಂದೆಯೇ ನೇತಾಡುತ್ತದೆ. ಏಕಾದಶಿ ದಿನ ಮಾತ್ರ ‘ಹಾಲಾ, ಓಟ್ಸಾ’ ಅಂತ ಎಲ್ಲರನ್ನೂ ಕೇಳುತ್ತೇವೆ.

ಬೇರೆ ಅಂಗಡಿಯವರನ್ನು ಒಪ್ಪಿಸಲು ಭಾಷಣ ನಡೆಯಲಿಲ್ಲ. “ಎರಡು ವಾರ ಮಾಡಿ, ನಷ್ಟ ಆದರೆ ಡಬ್ಬಿ ದುಡ್ಡು ನಂದು” ಅಂದೆ. ಮೂವರು ಒಪ್ಪಿದರು. ಕಾಲೇಜು ಹತ್ತಿರದ ಅಂಗಡಿ ಈಗ ನನಗಿಂತ ಜಾಸ್ತಿ ಓಟ್ಸು ಸುರಿಯುತ್ತದೆ. ಇನ್ನೊಂದು ಕೋಲ್ಡ್ ಕಾಫಿಗೆ ಮಾತ್ರ ಇಟ್ಟುಕೊಂಡಿದೆ. ಮೂರನೆಯವರು ಹತ್ತನೇ ದಿನಕ್ಕೇ ಹಾಲಿಗೆ ವಾಪಸ್. ಅವರ ಡಬ್ಬಿಗಳಿಗೆ ನಾನು 1,800 ಕೊಟ್ಟೆ, ಅವರು ತಗೊಂಡರು ಕೂಡ. ನಮ್ಮ ಹಾಲಿನ ಬೂತಿನವರು ಬೇರೆ, “ಏನ್ ಸ್ವಾಮಿ, ಹದಿನಾಲ್ಕು ಲೀಟರ್ ಇದ್ದದ್ದು ಏಳು ಮಾಡ್ಬುಟ್ರಿ” ಅಂತ ದಿನಾ ಕೆಣಕುತ್ತಾರೆ.

ಆ ಏಳು ಲೀಟರಿನಲ್ಲಿ ಹೆಚ್ಚಿನದು ಫಿಲ್ಟರ್ ಕಾಫಿಗೇ ಹೋಗುತ್ತದೆ. ಅದನ್ನು ಮುಟ್ಟುವ ಧೈರ್ಯ ಇನ್ನೂ ಇಲ್ಲ. ಹೋದ ತಿಂಗಳು ಗೋಡಂಬಿ ಹಾಲಿನಲ್ಲಿ ಮಾಡಿ, ಹೇಳಿಯೇ, ಬೆಳಗ್ಗೆ ವಾಕಿಂಗ್ ಬರುವ ನಾಲ್ವರು ಹಿರಿಯರಿಗೆ ಕೊಟ್ಟೆ. ಮೂವರು ಸುಮ್ನೆ ಕುಡಿದರು. ನಾಲ್ಕನೆಯವರು ಲೋಟ ಕೆಳಗಿಟ್ಟು, “ಇದ್ರಲ್ಲಿ ಪಾಯಸ ಮಾಡಪ್ಪ, ಚೆನ್ನಾಗಿರುತ್ತೆ. ಈಗ ಒಂದು ಕಾಫಿ ಕೊಡು” ಅಂದರು.