ದಿನವೂ ಅದೇ ಕೆಲಸ, ಅದೇ ದಾರಿ: ಕಾರವಾರದಿಂದ ಶಿರಸಿಯವರೆಗೆ ಬೇಜಾರು ಕಳೆಯುವ ಖರ್ಚಿಲ್ಲದ ಉಪಾಯಗಳು

ಬೆಳಿಗ್ಗೆ ಚಾ, ತಿಂಡಿ, ಆಫೀಸು ಇಲ್ಲವೇ ತೋಟ, ಸಂಜೆ ಮತ್ತೆ ಮನೆ, ಮೊಬೈಲು, ಊಟ, ನಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಯಾರಿಗಾದರೂ ಬೇಜಾರು ಬರುತ್ತದೆ. ಅದಕ್ಕೆ ಹೆಚ್ಚಿನವರು ಹುಡುಕುವ ಮದ್ದು ಒಂದು ಪ್ರವಾಸ. ಹೋಗಿ ಬಂದರೆ ಕೈ ಖಾಲಿ, ಸೋಮವಾರ ಬಂದರೆ ಮತ್ತೆ ಅದೇ ಬೇಜಾರು. ದಿನಚರಿಯನ್ನು ಬದಲಿಸಲು ಆಗದವರಿಗೆ ನಿಜವಾಗಿ ಕೆಲಸಕ್ಕೆ ಬರುವ ದಾರಿ ಬೇರೆ ಇದೆ: ತಾನಾಗಿಯೇ ದಿನಾ ಬದಲಾಗುವ ಒಂದು ಸಂಗತಿಯನ್ನು ಆ ದಿನಚರಿಗೇ ಕಟ್ಟಿಕೊಳ್ಳುವುದು. ಸಮುದ್ರ ನಿನ್ನೆಯ ಹೊತ್ತಿಗೆ ಇಂದು ಇಳಿಯುವುದಿಲ್ಲ. ನಿನ್ನೆಯಷ್ಟೇ ಮಳೆ ಇಂದು ಬೀಳುವುದಿಲ್ಲ. ಉತ್ತರ ಕನ್ನಡದಲ್ಲಿ ಇಂಥವಕ್ಕೆ ಬರ ಇಲ್ಲ, ಟಿಕೆಟ್ಟೂ ಇಲ್ಲ.

ಶುರು ಮಾಡುವ ಮೊದಲು ಎರಡು ಮಾತು. ಒಂದು ಸಲಕ್ಕೆ ಒಂದನ್ನೇ ಹಿಡಿಯಿರಿ. ಒಟ್ಟಿಗೆ ನಾಲ್ಕು ಹಿಡಿದವರು ವಾರದೊಳಗೆ ನಾಲ್ಕನ್ನೂ ಬಿಡುತ್ತಾರೆ. ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ದುರ್ಬೀನು, ದುಬಾರಿ ಶೂ, ಕ್ಯಾಮೆರಾ ಎಲ್ಲ ಆಮೇಲೆ. ಒಂದು ನೋಟ್‌ಬುಕ್ಕು, ಪೆನ್ನು ಸಾಕು.

ಪಂಚಾಂಗ ನೋಡಿ ಸಮುದ್ರಕ್ಕೆ ಹೋಗುವುದು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಂಜೆ ಬೀಚಿಗೆ ಹೋಗಿ ಮರಳಿನ ಮೇಲೆ ಕೂತು ಬರುವುದು ಬೇರೆ, ಇಳಿತದ ಹೊತ್ತು ಹಿಡಿದು ಬಂಡೆಗಳ ನಡುವೆ ನಡೆಯುವುದು ಬೇರೆ. ಎರಡನೆಯದರಲ್ಲಿ ಪ್ರತಿ ಸಲವೂ ಕಾಣುವುದು ಹೊಸತು.

ಹೊತ್ತು ತಿಳಿಯಲು ಗೋಡೆಯ ಕ್ಯಾಲೆಂಡರಿನ ತಿಥಿ ಸಾಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ನೀರು ಸರಿಸುಮಾರು ಬೆಳಿಗ್ಗೆ 11ರ ಆಸುಪಾಸಿಗೆ ಏರಿ, ಸಂಜೆ 5ರ ಹೊತ್ತಿಗೆ ಇಳಿದಿರುತ್ತದೆ. ಅಲ್ಲಿಂದ ತಿಥಿಗೆ 50 ನಿಮಿಷದಂತೆ ಸೇರಿಸುತ್ತ ಹೋಗಿ. ಬಿದಿಗೆಗೆ ಸಂಜೆಯ ಇಳಿತ 6.40ಕ್ಕೆ ಬರುತ್ತದೆ. ಅಷ್ಟಮಿಗೆ ಅದು ನಡುರಾತ್ರಿಗೆ ಹೋಗಿ, ಇನ್ನೊಂದು ಇಳಿತ ಬೆಳಿಗ್ಗೆ 11ರ ನಂತರ ಸಿಗುತ್ತದೆ. ಏಕಾದಶಿಗೆ ಮಧ್ಯಾಹ್ನ 2ರ ಮೇಲೆ, ಚತುರ್ದಶಿಗೆ 4 ದಾಟಿ. ಅಂದರೆ ಕೆಲಸ ಮುಗಿಸಿ ಹೋಗುವವರಿಗೆ ಚತುರ್ದಶಿಯಿಂದ ಬಿದಿಗೆವರೆಗಿನ ನಾಲ್ಕು ಸಂಜೆಗಳು ಅನುಕೂಲ. ಹುಣ್ಣಿಮೆಗೆ ನಾಲ್ಕು, ಅಮಾವಾಸ್ಯೆಗೆ ನಾಲ್ಕು. ನೀರು ಅತಿ ದೂರ ಇಳಿಯುವುದು ಸಾಮಾನ್ಯವಾಗಿ ಅಮಾವಾಸ್ಯೆ, ಹುಣ್ಣಿಮೆಯ ಮರುದಿನ ಅಥವಾ ಅದರ ಮರುದಿನ.

ಈ ಲೆಕ್ಕ ಅರ್ಧ ಮುಕ್ಕಾಲು ತಾಸು ಹಿಂದುಮುಂದಾಗಬಹುದು. ನಿಮ್ಮ ಬೀಚಿಗೆ ಸರಿಹೊಂದಿಸಿಕೊಳ್ಳಲು ನೀರಿನ ಅಂಚಿಗೆ ಒಂದು ಕೋಲು ಊರಿ 15 ನಿಮಿಷ ಕಾಯಿರಿ. ಕೋಲಿನ ಬುಡ ಬತ್ತಿದರೆ ನೀರು ಇಳಿಯುತ್ತಿದೆ, ಮುಳುಗಿದರೆ ಏರುತ್ತಿದೆ. ಎರಡು ಮೂರು ಸಲ ಹೀಗೆ ಬರೆದಿಟ್ಟರೆ ನಿಮ್ಮ ಬೀಚಿನ ಹೊತ್ತು ನಿಮಗೇ ಸಿಗುತ್ತದೆ. ಹೊಳೆಯ ಒಳಗೆ ಹೋದಷ್ಟೂ ಇದು ಇನ್ನೂ ತಡ. ಅಘನಾಶಿನಿ ಅಳಿವೆಯಲ್ಲಿ ಸರಿಯಾದ ಹೊತ್ತು ಬೇಕಿದ್ದರೆ ಬಳಚು (ತಿನ್ನುವ ಚಿಪ್ಪು) ಆರಿಸಲು ಇಳಿಯುವ ಹೆಂಗಸರನ್ನೇ ಕೇಳಬೇಕು. ಅವರಷ್ಟು ಖಚಿತವಾಗಿ ಹೇಳುವವರು ಬೇರೆ ಸಿಗುವುದಿಲ್ಲ. ಒಂದು ಮಾತು ನೆನಪಿರಲಿ: ದಿನದ ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ಬಂಡೆ ಪೂರ್ತಿ ಬಯಲಾದರೆ ಇನ್ನೊಂದರಲ್ಲಿ ಅರ್ಧವೇ ಬಯಲಾಗಬಹುದು. "ಹೋದ್ವಿ, ಏನೂ ಕಾಣಲಿಲ್ಲ" ಎನ್ನುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಬಂಡೆ ಇರುವ ಕಡೆ ಹೋಗಿ: ಕುಮಟಾದ ವನ್ನಳ್ಳಿ, ಗೋಕರ್ಣದ ಓಂ ಬೀಚಿನ ತುದಿಗಳು, ಮಾಜಾಳಿಯಾಚೆ ಎಳ್ಳಿನಂಥ ಕಪ್ಪು ಮರಳಿನ ತಿಳಮಾತಿ. ಕಾರವಾರದ ಟಾಗೋರ್ ಬೀಚು ಮರಳಿನದು. ಅಲ್ಲಿ ನೋಡಬೇಕಾದ್ದು ಒದ್ದೆ ಮರಳಿನ ಮೇಲಿನ ಏಡಿಯ ಗೂಡುಗಳನ್ನು, ಅವುಗಳ ಸುತ್ತ ಹರಡಿದ ಸಣ್ಣ ಸಣ್ಣ ಮರಳುಂಡೆಗಳನ್ನು. ಏಡಿ ಮರಳನ್ನು ಬಾಯಲ್ಲಿ ಸೋಸಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಹಾಕುತ್ತದೆ. ಮುಂದಿನ ಉಬ್ಬರ ಎಲ್ಲವನ್ನೂ ಅಳಿಸುತ್ತದೆ. ಅಲುಗಾಡದೆ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತರೆ ಒಳಗೆ ಓಡಿದ ಏಡಿಗಳು ಒಂದೊಂದಾಗಿ ಹೊರಬಂದು ಮತ್ತೆ ಕೆಲಸ ಶುರು ಮಾಡುತ್ತವೆ.

ಬಂಡೆಯ ನಡುವಿನ ಹೊಂಡ ಒಂದನ್ನೇ ಆರಿಸಿಕೊಂಡು ಅದರ ಪಕ್ಕ ಹತ್ತು ನಿಮಿಷ ಕೂತುಬಿಡಿ. ನಡೆಯುತ್ತ ನೋಡಿದರೆ ಬರೀ ನೀರು. ಕೂತರೆ, ಸತ್ತ ಶಂಖ ಎಂದುಕೊಂಡದ್ದು ನಡೆಯತೊಡಗುತ್ತದೆ. ಒಳಗೆ ಸನ್ಯಾಸಿ ಏಡಿ ಇರುತ್ತದೆ. ಕಲ್ಲು ಮಗುಚಿ ನೋಡಿದರೆ ಅದನ್ನು ಮೊದಲಿದ್ದ ಹಾಗೆಯೇ ತಿರುಗಿ ಇಡಿ, ಇಲ್ಲದಿದ್ದರೆ ಅಡಿಯಲ್ಲಿದ್ದ ಜೀವಿಗಳು ಬಿಸಿಲಿಗೆ ಸಾಯುತ್ತವೆ.

ಬರಿಗಾಲು ಬೇಡ, ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಒಳ್ಳೆಯದು. ಮೊಣಕಾಲು ಮಟ್ಟದ ಮರಳಿನ ನೀರಿನಲ್ಲಿ ಕಾಲೆತ್ತಿ ಇಡದೆ ಎಳೆದುಕೊಂಡು ನಡೆಯಿರಿ, ಬಾಲದ ಮುಳ್ಳಿನಿಂದ ಚುಚ್ಚುವ ತೊರಕೆ ಮೀನು ಇದ್ದರೆ ಸದ್ದಿಗೆ ಸರಿದು ಹೋಗುತ್ತದೆ. ಶಂಕುವಿನಾಕಾರದ, ಚಂದದ ಚಿತ್ತಾರದ ಜೀವಂತ ಶಂಖಗಳನ್ನು ಕೈಯಲ್ಲಿ ಎತ್ತಬೇಡಿ, ಕೆಲವು ವಿಷದ ಮುಳ್ಳು ಚುಚ್ಚುತ್ತವೆ. ಅತಿ ಇಳಿತದ ಹೊತ್ತಿಗೆ ಒಂದು ತಾಸು ಮೊದಲೇ ತಲುಪಿ, ನೀರು ತಿರುಗಿದ ಕೂಡಲೇ ದಡದ ಕಡೆ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಗಳ ಮೇಲೆ ಹೋಗುವುದೇ ಬೇಡ.

ಮಳೆಗಾಲಕ್ಕೆ: ಮನೆಯಲ್ಲೇ ಮಳೆಮಾಪಕ

ಮೇಲಿನದು ನಾಲ್ಕು ತಿಂಗಳು ಬಂದ್ ಆಗುವ ಹೊತ್ತಿಗೆ ಇದು ಶುರು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಹಲವು ತೋಟಿಗರು ಇದನ್ನು ಮಾಡುತ್ತಾರೆ. ಮಳೆಯ ಬೇಜಾರನ್ನು ಮಳೆಯಿಂದಲೇ ಕಳೆಯುವ ಕೆಲಸ ಇದು.

2 ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ ತೆಗೆದುಕೊಳ್ಳಿ. ಕುತ್ತಿಗೆಯ ಇಳಿಜಾರು ಮುಗಿದು ನೇರ ಭಾಗ ಶುರುವಾಗುವಲ್ಲಿ ಬ್ಲೇಡಿನಿಂದ ಸುತ್ತ ಕತ್ತರಿಸಿ. ಮುಚ್ಚಳ ತೆಗೆದು, ಮೇಲಿನ ತುಂಡನ್ನು ತಲೆಕೆಳಗಾಗಿ ಕೆಳಗಿನದರೊಳಗೆ ಕೂರಿಸಿ, ಅದೇ ಲಾಳಿಕೆ. ಎರಡರ ಅಂಚೂ ಸಮ ಬರುವ ಹಾಗೆ ಟೇಪು ಸುತ್ತಿ. ಗಾಳಿಗೆ ಬೀಳದಂತೆ ಮರಳು ತುಂಬಿದ ಬಕೆಟ್ಟಿನಲ್ಲಿ ಅರ್ಧದವರೆಗೆ ಹೂತಿಡಿ.

ಬಾಟಲಿಯ ಮೇಲೆ ಸ್ಕೇಲು ಅಂಟಿಸಿ ಓದುವವರಿದ್ದಾರೆ. ತಳ ಉಬ್ಬುತಗ್ಗು ಇರುವುದರಿಂದ ಅದು ತಪ್ಪು ತೋರಿಸುತ್ತದೆ. ನೀರನ್ನು ಅಳತೆ ಲೋಟಕ್ಕೆ ಸುರಿದು ಮಿ.ಲೀ. ಲೆಕ್ಕ ಹಾಕುವುದೇ ಸರಿ. ಕತ್ತರಿಸಿದ ಬಾಯಿಯ ಅಡ್ಡಳತೆ 11 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ ಸುಮಾರು 95 ಚದರ ಸೆಂ.ಮೀ. (5.5 × 5.5 × 3.14). ಆಗ 9.5 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ. 380 ಮಿ.ಲೀ. ಸಿಕ್ಕರೆ 40 ಮಿ.ಮೀ. ನಿಮ್ಮ ಬಾಟಲಿಯ ಅಡ್ಡಳತೆಯನ್ನು ನೀವೇ ಅಳೆದುಕೊಳ್ಳಿ. ಅರ್ಧ ಸೆಂಟಿಮೀಟರ್ ತಪ್ಪಿದರೆ ಲೆಕ್ಕ ನೂರಕ್ಕೆ ಹತ್ತರಷ್ಟು ತಪ್ಪುತ್ತದೆ.

ಓದುವ ಹೊತ್ತು ಬೆಳಿಗ್ಗೆ 8.30. ಹವಾಮಾನ ಇಲಾಖೆಯೂ 24 ತಾಸಿನ ಮಳೆಯನ್ನು ಲೆಕ್ಕ ಹಾಕುವುದು ಅದೇ ಹೊತ್ತಿಗೆ, ಹಾಗಾಗಿ ಮರುದಿನದ ಪೇಪರಿನ ಅಂಕಿಯೊಂದಿಗೆ ನಿಮ್ಮದನ್ನು ಹೋಲಿಸಬಹುದು. ಆಷಾಢದ ದೊಡ್ಡ ಮಳೆಗೆ ಈ ಬಾಟಲಿ ತುಂಬಿ ಚೆಲ್ಲುತ್ತದೆ, 150 ಮಿ.ಮೀ. ದಾಟಿದರೆ ಹಿಡಿಯುವುದಿಲ್ಲ. ಅಂಥ ದಿನ ಸಂಜೆಯೂ ಒಮ್ಮೆ ಅಳೆದು ಖಾಲಿ ಮಾಡಿ, ಬೆಳಗಿನದಕ್ಕೆ ಕೂಡಿಸಿ. ಅಡಿಕೆ ಮರದ ಕೆಳಗೆ, ಮಾಡಿನ ಅಂಚಿಗೆ ಇಟ್ಟರೆ ಹನಿಯ ನೀರು ಸೇರಿ ಸುಳ್ಳು ಲೆಕ್ಕ ಬರುತ್ತದೆ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿಡಿ. ಮಳೆ ಬಾರದ ದಿನವೂ ಖಾಲಿ ಮಾಡಲು ಮರೆಯಬೇಡಿ, ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಬೆಳೆಯುತ್ತದೆ.

ಬರೀ ಅಂಕಿ ಬರೆಯುತ್ತ ಹೋದರೆ ಅದೂ ಬೇಜಾರೇ. ಮಳೆ ನಕ್ಷತ್ರದ ಪ್ರಕಾರ ಒಟ್ಟು ಹಾಕಿ. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ 22ರ ಸುಮಾರಿಗೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ. ಒಂದೊಂದಕ್ಕೆ 13–14 ದಿನ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅನ್ನುವ ಮಾತು ನಿಮ್ಮ ಅಂಗಳದಲ್ಲಿ ಈ ವರ್ಷ ನಿಜವಾಯಿತೇ ಎಂದು ಅಂಕಿ ಹಿಡಿದು ಹೇಳಬಹುದು. ಮುಂಡಗೋಡಿನಲ್ಲೋ ಹಳಿಯಾಳದಲ್ಲೋ ಇರುವ ನೆಂಟರಿಗೂ ಒಂದು ಬಾಟಲಿ ಕತ್ತರಿಸಲು ಹೇಳಿ. ಘಟ್ಟದ ಪಶ್ಚಿಮಕ್ಕೂ ಪೂರ್ವಕ್ಕೂ ಒಂದೇ ದಿನ ಎಷ್ಟು ವ್ಯತ್ಯಾಸ ಎಂಬುದು ರಾತ್ರಿಯ ಫೋನಿಗೆ ಒಳ್ಳೆಯ ವಿಷಯ. ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಡಿ: 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್. 100 ಚದರ ಮೀಟರ್ ಮಾಡಿನ ಮೇಲೆ 40 ಮಿ.ಮೀ. ಬಿದ್ದರೆ 4000 ಲೀಟರ್ ನೀರು ಹರಿದುಹೋಯಿತು.

ವಾರಕ್ಕೊಂದು ಹೊಸ ತಂಬುಳಿ

ಅಡಿಗೆಯ ಏಕತಾನವೂ ಸಣ್ಣದಲ್ಲ, ಮುಖ್ಯವಾಗಿ ಮಾಡುವವರಿಗೆ. ವಾರಕ್ಕೊಂದು ದಿನ ಗೊತ್ತು ಮಾಡಿ, ಹಿತ್ತಲಿನಲ್ಲಿ ಕಂಡ ಬೇರೆ ಬೇರೆ ಸೊಪ್ಪಿನ ತಂಬುಳಿ ಮಾಡಿ. ನಾಲ್ಕು ಜನಕ್ಕೆ: ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, 5–6 ಕಾಳುಮೆಣಸು, ಕಾಲು ಕಪ್ಪು ಕಾಯಿತುರಿ, ಎರಡು ಕಪ್ಪು ಮಜ್ಜಿಗೆ, ಉಪ್ಪು. ದೊಡ್ಡಪತ್ರೆ, ಚಕ್ರಮುನಿ, ದಾಸವಾಳದ ಕುಡಿಯಂಥವನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಣ್ಣ ಮಾಸುವವರೆಗೆ ಬಾಡಿಸಬೇಕು. ಒಂದೆಲಗವನ್ನು ಮಾತ್ರ ಚೆನ್ನಾಗಿ ತೊಳೆದು ಹಸಿಯಾಗಿಯೇ ರುಬ್ಬಬಹುದು. ರುಬ್ಬಿದ್ದು ಪೂರ್ತಿ ಆರಿದ ಮೇಲೆ ಮಜ್ಜಿಗೆಗೆ ಸೇರಿಸಿ; ಬಿಸಿಯಿದ್ದಾಗ ಸೇರಿಸಿದರೆ ಮಜ್ಜಿಗೆ ಒಡೆಯುತ್ತದೆ. ಕಾಯಿ ಹೆಚ್ಚಾದರೆ ಅದು ತಂಬುಳಿಯಾಗದೆ ಚಟ್ನಿಯಾಗುತ್ತದೆ. ಹುಳಿ ಮಜ್ಜಿಗೆಯಾದರೆ ಸೊಪ್ಪಿನ ರುಚಿಯೇ ಸಿಗುವುದಿಲ್ಲ. ಗುರುತು ಸಿಗದ ಸೊಪ್ಪನ್ನು ಅಜ್ಜಿಗೋ ಅತ್ತೆಗೋ ತೋರಿಸದೆ ಒಲೆಗೆ ಏರಿಸಬೇಡಿ.

ಕೊನೆಯ ಸ್ಟಾಪಿನವರೆಗೆ

ತಿಂಗಳಿಗೊಂದು ಭಾನುವಾರ, ಕಾರವಾರ ಅಥವಾ ಶಿರಸಿ ಸ್ಟ್ಯಾಂಡಿನಿಂದ ನೀವು ಎಂದೂ ಹೋಗದ ಹಳ್ಳಿಯ ಬಸ್ಸು ಹತ್ತಿ ಕೊನೆಯವರೆಗೆ ಹೋಗಿ ಬನ್ನಿ. ಹತ್ತುವ ಮೊದಲು ಕಂಡಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಬಸ್ಸು ಎಷ್ಟು ಹೊತ್ತಿಗೆ ವಾಪಸ್? ಸಂಜೆಯ ಕೊನೆಯ ಬಸ್ಸು ಹೆಚ್ಚಾಗಿ ಹಳ್ಳಿಯಲ್ಲೇ ರಾತ್ರಿ ಉಳಿದು ಬೆಳಿಗ್ಗೆ ಹೊರಡುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಬೇಕು. ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಇದು ನಡೆಯುವುದಿಲ್ಲ.

ಕರಾವಳಿಯವರಿಗೆ ರೈಲೂ ಇದೆ. ಎಲ್ಲ ಸಣ್ಣ ಸ್ಟೇಶನ್ನುಗಳಲ್ಲಿ ನಿಲ್ಲುವ ಗಾಡಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಹೊನ್ನಾವರ ದಾಟಿದ ಕೂಡಲೇ ಬರುವ ಶರಾವತಿ ಸೇತುವೆ 2 ಕಿ.ಮೀ.ಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಮಳೆಗಾಲದಲ್ಲಿ ಈ ಮಾರ್ಗಕ್ಕೆ ಬೇರೆ ವೇಳಾಪಟ್ಟಿ, ಹಳೆಯ ಟೈಮು ನಂಬಿ ಹೋದರೆ ಪ್ಲಾಟ್‌ಫಾರ್ಮಿನಲ್ಲೇ ಕೂರಬೇಕಾದೀತು. ಶಿರಸಿಯವರು ಸೋಂದಾ ಹತ್ತಿರದ ಸಹಸ್ರಲಿಂಗಕ್ಕೆ ಹೋಗುವುದಾದರೆ ಡಿಸೆಂಬರ್ ಆದಮೇಲೆ ಹೋಗಿ. ಶಾಲ್ಮಲೆ ತುಂಬಿ ಹರಿಯುವಾಗ ಲಿಂಗಗಳು ನೀರಿನಡಿ ಇರುತ್ತವೆ.

ಚಳಿಗಾಲದ ರಾತ್ರಿಗೆ

ನವೆಂಬರಿನಿಂದ ಮೇವರೆಗೆ ಯಕ್ಷಗಾನದ ತಿರುಗಾಟ. ಹರಕೆ ಬಯಲಾಟಕ್ಕೆ ಟಿಕೆಟ್ಟಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಹೊಸಬರಿಗೆ ನಿದ್ದೆ ಬರುವುದು ಕಥೆ ಗೊತ್ತಿಲ್ಲದ್ದರಿಂದ. ಪ್ರಸಂಗದ ಹೆಸರನ್ನು ಮೊದಲೇ ಕೇಳಿಕೊಂಡು, ಮಧ್ಯಾಹ್ನವೇ ಕಥೆ ಓದಿಕೊಂಡು ಹೋಗಿ. ಮೊದಲ ಆಟಕ್ಕೆ ಭಾಗವತರ ಪದ, ಚಂಡೆ, ಮದ್ದಳೆ ಇವಿಷ್ಟನ್ನೇ ಗಮನಿಸಿ, ಎರಡನೆಯದಕ್ಕೆ ವೇಷಗಳ ಅರ್ಥಗಾರಿಕೆ, ಅಂದರೆ ಪಾತ್ರಧಾರಿಗಳ ಮಾತು. ಚಂಡೆಯ ಪಕ್ಕಕ್ಕಿಂತ ರಂಗದ ಎದುರು, ನಾಲ್ಕೈದು ಸಾಲು ಹಿಂದೆ ಕೂತರೆ ಮಾತು ಸ್ಪಷ್ಟ ಕೇಳುತ್ತದೆ. ಚಾಪೆ, ಶಾಲು, ನೀರು ಒಯ್ಯಿರಿ. ಈಗ ಹಲವು ಆಟಗಳು ಕಾಲಮಿತಿಯವು, ಮಧ್ಯರಾತ್ರಿಯೊಳಗೆ ಮುಗಿಯುತ್ತವೆ. ಬೆಳತನಕದ್ದೋ ಅಲ್ಲವೋ ಎಂದು ವಿಚಾರಿಸಿಕೊಂಡು ವಾಪಸ್ ಬರುವ ಗಾಡಿಯನ್ನು ಮೊದಲೇ ಗೊತ್ತು ಮಾಡಿಡಿ.